ರಾಯಭಾರದ ಔತಣ

ಒಂದು ರಾಜ್ಯದ ಪ್ರತಿನಿಧಿಗಳು ಇನ್ನೊಂದು ರಾಜ್ಯಕ್ಕೆ ಹೋದಾಗ ಅವರನ್ನು ಔತಣದಿಂದ ಸತ್ಕರಿಸುವುದು ಎಲ್ಲ ಕಾಲಗಳಲ್ಲಿಯೂ ಎಲ್ಲ ದೇಶಗಳಲ್ಲಿಯೂ ನಡೆದುಬಂದಿರುವ ಪದ್ಧತಿ. ಪತ್ರಿಕೆಗಳಲ್ಲಿ ಇಂಥ ಔತಣಗಳ ವರದಿಯನ್ನು ಓದುವವರು ದೀಪಗಳ ಸಾಲು, ಬೆಳ್ಳಿಯ ತಟ್ಟೆಗಳು, ಎದೆಯ ಮೇಲೆ ಪದಕಗಳನ್ನು ಧರಿಸಿದ ಅಧಿಕಾರಿಗಳು, ಒಬ್ಬರನ್ನೊಬ್ಬರು ಹೊಗಳುವ ಭಾಷಣಗಳು, ಇಷ್ಟನ್ನು ಮನಸ್ಸಿಗೆ ತಂದುಕೊಂಡು, ಇದೆಲ್ಲವೂ ಬರಿಯ ಆಡಂಬರವೆಂದು ಪುಟವನ್ನು ಮಗುಚಿಬಿಡುವುದುಂಟು. ಆದರೆ ಇತಿಹಾಸವನ್ನು ಅಭ್ಯಾಸ ಮಾಡುವವನಿಗೆ ಇವು ಅಷ್ಟು ಸುಲಭವಾಗಿ ಬಿಟ್ಟುಬಿಡತಕ್ಕ ವಿಷಯಗಳಲ್ಲ. ಬಲವಿಲ್ಲದ ಒಂದು ದೇಶದಿಂದ ಬಂದ ತರುಣ ಪ್ರತಿನಿಧಿಯೊಬ್ಬನು ಬಲಿಷ್ಠರ ಮೇಜಿನ ಬಳಿ ಕುಳಿತು ಏನನ್ನು ಕೇಳಿದನು, ಏನನ್ನು ಕಲಿತನು, ಆ ಕಲಿಕೆ ಮುಂದೆ ಯಾರ ಪಾಲಿಗೆ ಏನಾಯಿತು ಎಂಬುದನ್ನು ವಿಚಾರಿಸಿದರೆ, ಒಂದು ಖಂಡದ ಅರ್ಧ ಶತಮಾನದ ಚರಿತ್ರೆಯೇ ಅದರಲ್ಲಿ ಅಡಗಿರುವುದು ಕಂಡುಬರುತ್ತದೆ. ಅಂಥದೊಂದು ನಿದರ್ಶನವನ್ನು ಜಪಾನಿನ ಇತಿಹಾಸದಿಂದ ಆರಿಸಿಕೊಂಡು ಶ್ರೋತೃಗಳ ಮುಂದಿಡುತ್ತೇನೆ.

ಮೊದಲು ಔತಣದ ಕ್ರಮವನ್ನು ಕುರಿತು ಒಂದೆರಡು ಮಾತು. ಯೂರೋಪಿನಲ್ಲಿ ಯಾವ ರಾಯಭಾರಿ ಮುಂದೆ ನಡೆಯಬೇಕು, ಯಾರು ಮೇಲಿನ ಸ್ಥಾನದಲ್ಲಿ ಕೂರಬೇಕು ಎಂಬುದು ಬಹು ಕಾಲದವರೆಗೆ ಜಗಳದ ವಿಷಯವಾಗಿತ್ತು. 1661ರಲ್ಲಿ ಲಂಡನ್ ನಗರದಲ್ಲಿ, ಸ್ವೀಡನ್ನಿನ ಹೊಸ ರಾಯಭಾರಿಯ ಮೆರವಣಿಗೆಯ ಸಮಯದಲ್ಲಿ, ಫ್ರಾನ್ಸಿನ ರಥ ಮುಂದೋ ಸ್ಪೇನಿನ ರಥ ಮುಂದೋ ಎಂಬ ಪ್ರಶ್ನೆಗಾಗಿ ನಡುಬೀದಿಯಲ್ಲಿ ಕಾಳಗವೇ ನಡೆದು ಕೆಲವರು ಪ್ರಾಣ ಕಳೆದುಕೊಂಡರು. ಈ ಬಗೆಯ ಕಲಹಗಳನ್ನು ತಪ್ಪಿಸುವುದಕ್ಕಾಗಿ 1815ರ ವಿಯೆನ್ನಾ ಸಮ್ಮೇಳನದಲ್ಲಿ ಒಂದು ನಿಯಮ ಏರ್ಪಟ್ಟಿತು. ಒಂದೇ ದರ್ಜೆಯ ರಾಯಭಾರಿಗಳಲ್ಲಿ, ಆ ರಾಜಧಾನಿಗೆ ಮೊದಲು ಬಂದು ತನ್ನ ಆಗಮನವನ್ನು ಅಧಿಕೃತವಾಗಿ ತಿಳಿಸಿದವನಿಗೆ ಮೊದಲ ಸ್ಥಾನ. ಅವನ ರಾಜ್ಯ ದೊಡ್ಡದೋ ಚಿಕ್ಕದೋ, ಅದರ ಸೈನ್ಯವೆಷ್ಟು, ಬೊಕ್ಕಸವೆಷ್ಟು ಎಂಬುದು ಅಲ್ಲಿ ಲೆಕ್ಕಕ್ಕೆ ಬಾರದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಔತಣದ ಮನೆಯಲ್ಲಿ ಪಂಕ್ತಿಭೇದ ಕೂಡದೆಂದು ಯೂರೋಪಿನ ರಾಜ್ಯಗಳು ಒಪ್ಪಿಕೊಂಡವು.

ಪಂಕ್ತಿಭೇದವೆಂಬ ದೋಷದ ಅರ್ಥವನ್ನು ಕನ್ನಡಿಗರಿಗೆ ವಿವರಿಸಬೇಕಾದದ್ದಿಲ್ಲ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಒಬ್ಬನ ಎಲೆಗೆ ತುಪ್ಪವನ್ನೂ ಪಕ್ಕದವನ ಎಲೆಗೆ ನೀರುಮಜ್ಜಿಗೆಯನ್ನೂ ಬಡಿಸುವ ಯಜಮಾನನನ್ನು ನಮ್ಮವರು ಎಂದೂ ಕ್ಷಮಿಸಿಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪು ಊಟದ ಎಲೆಯಲ್ಲಿ ಈ ದೋಷಕ್ಕೆ ಅವಕಾಶ ಕೊಡಲಿಲ್ಲ. ಆದರೆ ಒಡಂಬಡಿಕೆಯ ಕಾಗದದಲ್ಲಿ ಅದನ್ನು ಧಾರಾಳವಾಗಿ ನಡೆಸಿತು.

ಜಪಾನಿಗೆ ಈ ಅನುಭವವಾದದ್ದು 1858ರಲ್ಲಿ. ಎರಡು ಶತಮಾನಗಳಿಗೂ ಮಿಕ್ಕಿ ಬಾಗಿಲು ಮುಚ್ಚಿಕೊಂಡಿದ್ದ ಆ ದೇಶ, ಅಮೆರಿಕದ ಯುದ್ಧನೌಕೆಗಳ ಭಯದಿಂದ ಬಾಗಿಲು ತೆರೆದ ಮೇಲೆ, ಆ ವರ್ಷ ಅಮೆರಿಕದೊಡನೆಯೂ ಅದರ ಬೆನ್ನ ಹಿಂದೆಯೇ ಇಂಗ್ಲೆಂಡ್, ಫ್ರಾನ್ಸ್, ರಷ್ಯ, ಹಾಲೆಂಡ್ ದೇಶಗಳೊಡನೆಯೂ ವ್ಯಾಪಾರದ ಒಡಂಬಡಿಕೆಗಳಿಗೆ ರುಜು ಹಾಕಬೇಕಾಯಿತು. ಇವುಗಳಲ್ಲಿ ಮೂರು ಷರತ್ತುಗಳು ಕಠಿನವಾಗಿದ್ದವು. ಮೊದಲನೆಯದು, ಜಪಾನಿನ ನೆಲದಲ್ಲಿ ಅಪರಾಧ ಮಾಡಿದ ವಿದೇಶೀಯನನ್ನು ಜಪಾನಿನ ನ್ಯಾಯಾಲಯ ವಿಚಾರಿಸುವಂತಿಲ್ಲ. ಅವನ ದೇಶದ ಕಾನ್ಸಲನೇ ವಿಚಾರಿಸಬೇಕು. ಎರಡನೆಯದು, ಆಮದಿನ ಮೇಲಣ ಸುಂಕವನ್ನು ಜಪಾನು ತನ್ನ ಇಚ್ಛೆಯಂತೆ ಏರಿಸುವಂತಿಲ್ಲ. 1866ರ ಕರಾರಿನಿಂದ ಅದು ಬಹುಮಟ್ಟಿಗೆ ನೂರಕ್ಕೆ ಐದಕ್ಕೆ ಇಳಿದುಹೋಯಿತು. ಮೂರನೆಯದು, ಒಂದು ವಿದೇಶಕ್ಕೆ ಕೊಟ್ಟ ಅನುಕೂಲವೆಲ್ಲವೂ ತಾನಾಗಿಯೇ ಉಳಿದ ವಿದೇಶಗಳಿಗೂ ಸಲ್ಲತಕ್ಕದ್ದು. ಇವಾವುವೂ ವಿದೇಶಗಳಲ್ಲಿದ್ದ ಜಪಾನೀಯರಿಗೆ ಅನ್ವಯಿಸುತ್ತಿರಲಿಲ್ಲ.

1868ರಲ್ಲಿ ಜಪಾನಿನಲ್ಲಿ ರಾಜ್ಯಕ್ರಾಂತಿಯಾಗಿ ಮೈಜಿ ಚಕ್ರವರ್ತಿಯ ಹೊಸ ಸರ್ಕಾರ ಅಧಿಕಾರಕ್ಕೆ ಬಂದಿತು. ಒಡಂಬಡಿಕೆಗಳನ್ನು ತಿದ್ದುವ ಮಾತನ್ನು ಎತ್ತುವುದಕ್ಕೆ 1872ನೆಯ ಇಸವಿ ಗೊತ್ತಾಗಿತ್ತು. ಆದುದರಿಂದ 1871ರ ಡಿಸೆಂಬರ್ 23ರಂದು ಯೊಕೊಹಾಮ ಬಂದರಿನಿಂದ ಒಂದು ದೊಡ್ಡ ನಿಯೋಗ ಹಡಗನ್ನು ಹತ್ತಿತು. ವಿದ್ಯಾರ್ಥಿಗಳೂ ಪರಿಚಾರಕರೂ ಸೇರಿ ನೂರಕ್ಕೂ ಹೆಚ್ಚು ಮಂದಿ. ಅವರಲ್ಲಿ ಐವರು ಹೆಣ್ಣುಮಕ್ಕಳು. ಅತಿ ಕಿರಿಯಳಾದ ತ್ಸುದಾ ಉಮೆಗೆ ಆಗ ಆರು ವರ್ಷ. ನಿಯೋಗದ ಮುಖ್ಯ ರಾಯಭಾರಿ ಅರಮನೆಯ ಮನೆತನದ ಇವಾಕುರ ತೊಮೊಮಿ. ಅವನ ಕೆಳಗಿನ ನಾಲ್ವರು ಉಪರಾಯಭಾರಿಗಳಲ್ಲಿ ಒಬ್ಬನಾದ ಇತೋ ಹಿರೊಬುಮಿಗೆ ಮೂವತ್ತು ವರ್ಷ.

ಈ ಇತೋ ಎಂಬವನ ಪೂರ್ವವೃತ್ತಾಂತ ಸ್ವಾರಸ್ಯವಾದುದು. ಚೋಷು ಸೀಮೆಯ ಬಡ ರೈತನ ಮಗ. ತಂದೆ ಕೆಳದರ್ಜೆಯ ಯೋಧಕುಟುಂಬಕ್ಕೆ ದತ್ತುಹೋದದ್ದರಿಂದ ಕತ್ತಿಕಟ್ಟುವ ಹಕ್ಕು ಬಂದಿತು. ವಿದೇಶೀಯರನ್ನು ದೇಶದಿಂದ ಅಟ್ಟಬೇಕೆಂಬ ಪಕ್ಷಕ್ಕೆ ಸೇರಿ, 1863ರ ಜನವರಿಯಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಎದೋ ನಗರದಲ್ಲಿ ಇಂಗ್ಲಿಷರು ಹೊಸದಾಗಿ ಕಟ್ಟಿಸುತ್ತಿದ್ದ ರಾಯಭಾರ ಕಚೇರಿಗೆ ಬೆಂಕಿಯಿಟ್ಟವರಲ್ಲಿ ಇವನೂ ಒಬ್ಬ. ಅದೇ ವರ್ಷ, ದೇಶ ಬಿಟ್ಟು ಹೋದವರಿಗೆ ಮರಣದಂಡನೆಯಿದ್ದ ಕಾಲದಲ್ಲಿ, ನಾಲ್ವರು ಸಂಗಡಿಗರೊಡನೆ ಗುಟ್ಟಾಗಿ ಹಡಗೇರಿ, ದಾರಿಯಲ್ಲಿ ನಾವಿಕರ ಚಾಕರಿ ಮಾಡಿಕೊಂಡು ಲಂಡನ್ನಿಗೆ ಹೋಗಿ, ಯೂನಿವರ್ಸಿಟಿ ಕಾಲೇಜಿನಲ್ಲಿ ಓದತೊಡಗಿದನು. ಶತ್ರುವಿನ ಶಕ್ತಿ ಎಲ್ಲಿದೆಯೆಂಬುದನ್ನು ಕಣ್ಣಾರೆ ಕಂಡ ಮೇಲೆ ಬೆಂಕಿಯಿಡುವ ಉತ್ಸಾಹ ಅಡಗಿತು. ಕೆಲವು ತಿಂಗಳಲ್ಲಿಯೇ ಊರಿಗೆ ಮರಳಿ, ವಿದೇಶೀಯರೊಡನೆ ಯುದ್ಧ ಬೇಡವೆಂದು ತನ್ನ ಸೀಮೆಯವರಿಗೆ ಬುದ್ಧಿ ಹೇಳಲು ಯತ್ನಿಸಿದನು. ಅವರು ಕೇಳಲಿಲ್ಲ, 1864ರಲ್ಲಿ ನಾಲ್ಕು ರಾಷ್ಟ್ರಗಳ ನೌಕೆಗಳು ಷಿಮೊನೊಸೆಕಿಯ ಕೋಟೆಗಳನ್ನು ನೆಲಸಮ ಮಾಡಿದವು.

ಇಂಥವನು 1872ರ ಜನವರಿ 23ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗ್ರ್ಯಾಂಡ್ ಹೋಟೆಲಿನ ಔತಣದಲ್ಲಿ ಕುಳಿತಿದ್ದನು. ಆ ಊರಿನಲ್ಲಿ ತೆಗೆಸಿದ ಭಾವಚಿತ್ರವೊಂದು ಇಂದಿಗೂ ಉಳಿದಿದೆ. ನಡುವೆ ಇವಾಕುರ ಜಪಾನೀ ಉಡುಪಿನಲ್ಲಿ, ತಲೆಯ ಮೇಲೆ ಜುಟ್ಟಿನ ಗಂಟು, ಕಾಲಿಗೆ ಮಾತ್ರ ಚರ್ಮದ ಬೂಟು, ಪಕ್ಕದಲ್ಲಿ ರೇಷ್ಮೆಯ ಉದ್ದ ಟೋಪಿ. ಸುತ್ತಲಿನ ನಾಲ್ವರು ಉಪರಾಯಭಾರಿಗಳು ಕೋಟುಧಾರಿಗಳು. ಎರಡು ಕಾಲಗಳ ನಡುವೆ ನಿಂತ ದೇಶದ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ಸಿಕ್ಕುವುದು ಕಷ್ಟ. ಇವಾಕುರನ ಜುಟ್ಟೂ ಹೆಚ್ಚು ದಿನ ಉಳಿಯಲಿಲ್ಲ. ಅಮೆರಿಕದಲ್ಲಿ ಓದುತ್ತಿದ್ದ ಅವನ ಮಕ್ಕಳು, ಇಲ್ಲಿಯ ಜನ ನಿಮ್ಮನ್ನು ನೋಡಲು ಮುತ್ತುವುದು ಗೌರವದಿಂದಲ್ಲ, ಕುತೂಹಲದಿಂದ ಎಂದು ತಿಳಿಯಹೇಳಿದ ಮೇಲೆ, ಷಿಕಾಗೋ ನಗರದಲ್ಲಿ ಅದನ್ನು ಕತ್ತರಿಸಲಾಯಿತು.

ಔತಣದಲ್ಲಿ ಇತೋ ಎದ್ದು ನಿಂತು ಇಂಗ್ಲಿಷಿನಲ್ಲಿ ಭಾಷಣ ಮಾಡಿದನು. ಜಪಾನಿನ ಸರ್ಕಾರವೂ ಪ್ರಜೆಗಳೂ ಮುಂದುವರಿದ ದೇಶಗಳ ನಾಗರಿಕತೆಯನ್ನು ಪಡೆಯಲು ಆತುರರಾಗಿದ್ದಾರೆ. ನೂರಾರು ವರ್ಷಗಳ ಪಾಳೆಯಗಾರಿಕೆಯನ್ನು ಒಂದು ವರ್ಷದೊಳಗೆ, ಒಂದು ಗುಂಡನ್ನೂ ಹಾರಿಸದೆ ತೆಗೆದುಹಾಕಿದ್ದೇವೆ. ಸ್ತ್ರೀಯರಿಗೆ ವಿದ್ಯೆ ಕಲಿಸಿ ಮುಂದಿನ ಪೀಳಿಗೆಯನ್ನು ಉತ್ತಮಪಡಿಸಲಿದ್ದೇವೆ, ಅದಕ್ಕಾಗಿಯೇ ನಮ್ಮ ಬಾಲಕಿಯರು ನಮ್ಮೊಡನೆ ಬಂದಿದ್ದಾರೆ ಎಂದು ವಿವರಿಸಿದನು. ಕೊನೆಯಲ್ಲಿ ಜಪಾನಿನ ಧ್ವಜದ ಕೆಂಪು ವೃತ್ತವನ್ನು ಕುರಿತು, ಅದು ಇನ್ನು ಮೇಲೆ ಮುಚ್ಚಿದ ಸಾಮ್ರಾಜ್ಯದ ಮೇಲೆ ಒತ್ತಿದ ಅರಗಿನ ಮುದ್ರೆಯಂತೆ ಕಾಣದೆ, ಲೋಕದ ನಾಗರಿಕ ರಾಷ್ಟ್ರಗಳ ನಡುವೆ ಮೇಲೇರುವ ಉದಯಸೂರ್ಯನಾಗುವುದೆಂದು ನುಡಿದಾಗ ಸಭಿಕರು ಬಹಳವಾಗಿ ಮೆಚ್ಚಿಕೊಂಡರು. ನಾವು ನಿಮ್ಮಂತಾಗುತ್ತಿದ್ದೇವೆ, ಆದುದರಿಂದ ನಮ್ಮನ್ನು ಸಮಾನರೆಂದು ಎಣಿಸಿರಿ ಎಂಬುದೇ ಆ ಭಾಷಣದ ಸಾರ. ಅಷ್ಟು ಕರತಾಡನವನ್ನು ಕೇಳಿದ ತರುಣನಿಗೆ ಕಾರ್ಯ ಕೈಗೂಡಿತೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ವಾಷಿಂಗ್ಟನ್ನಿನಲ್ಲಿ ನಿಜಸ್ಥಿತಿ ತಿಳಿದುಬಂದಿತು. ಹಿಮಪಾತದಿಂದ ರೈಲುದಾರಿ ಮುಚ್ಚಿಹೋಗಿ ಸಾಲ್ಟ್ ಲೇಕ್ ನಗರದಲ್ಲಿ ಎರಡು ವಾರಗಳಿಗೂ ಹೆಚ್ಚು ಕಾಲ ನಿಂತಿದ್ದು, ಫೆಬ್ರವರಿ 29ರಂದು ನಿಯೋಗ ರಾಜಧಾನಿಯನ್ನು ಮುಟ್ಟಿತು. ಮಾರ್ಚ್ 4ರಂದು ಅಧ್ಯಕ್ಷ ಗ್ರ್ಯಾಂಟನು ಆದರದಿಂದ ಬರಮಾಡಿಕೊಂಡನು. ಔತಣಗಳಿಗೆ ಲೋಪವಾಗಲಿಲ್ಲ. ಒಡಂಬಡಿಕೆಯ ಮಾತು ಬಂದಾಗ ಮಾತ್ರ, ಕರಾರಿಗೆ ರುಜು ಹಾಕುವ ಪೂರ್ಣಾಧಿಕಾರದ ಪತ್ರವೆಲ್ಲಿ ಎಂದು ವಿದೇಶಾಂಗ ಕಾರ್ಯದರ್ಶಿ ಹ್ಯಾಮಿಲ್ಟನ್ ಫಿಷ್ ಕೇಳಿದನು. ನಿಯೋಗ ಅದನ್ನು ತಂದಿರಲಿಲ್ಲ. ಇತೋ ಮತ್ತು ಹಿರಿಯನಾದ ಓಕುಬೊ ತೊಷಿಮಿಚಿ ಇಬ್ಬರೂ ಆ ಒಂದು ಕಾಗದಕ್ಕಾಗಿ ಭೂಖಂಡವನ್ನೂ ಪೆಸಿಫಿಕ್ ಸಾಗರವನ್ನೂ ದಾಟಿ ಊರಿಗೆ ಹೋಗಿ, ಜುಲೈ ತಿಂಗಳಿನಲ್ಲಿ ಮತ್ತೆ ವಾಷಿಂಗ್ಟನ್ನಿಗೆ ಬಂದರು. ಅಷ್ಟರಲ್ಲಿ ಉಳಿದವರಿಗೆ ಇನ್ನೊಂದು ತೊಡಕು ಹೊಳೆದಿತ್ತು. ಅಮೆರಿಕಕ್ಕೆ ಹೊಸದಾಗಿ ಕೊಡುವ ಪ್ರತಿಯೊಂದು ಅನುಕೂಲವೂ ಹಿಂದಿನ ಷರತ್ತಿನಂತೆ ಬೇರೆ ರಾಜ್ಯಗಳಿಗೆ ಪುಕ್ಕಟೆಯಾಗಿ ಹೋಗುವುದು. ಅವು ಮಾತ್ರ ಪ್ರತಿಯಾಗಿ ಏನನ್ನೂ ಕೊಡಬೇಕಾಗಿಲ್ಲ. ಸಂಧಾನವನ್ನು ಅಲ್ಲಿಗೇ ಕೈಬಿಟ್ಟರು. ನಾಲ್ಕು ತಿಂಗಳ ಶ್ರಮ ವ್ಯರ್ಥವಾಯಿತು.

ಇಂಗ್ಲೆಂಡಿನಲ್ಲಿಯೂ ಇದೇ ಕಥೆ. ಲಿವರ್‌ಪೂಲಿನ ಹಡಗುಕಟ್ಟೆಗಳು, ಮ್ಯಾಂಚೆಸ್ಟರಿನ ಗಿರಣಿಗಳು, ಗ್ಲಾಸ್ಗೋ, ನ್ಯೂಕಾಸಲ್, ಷೆಫೀಲ್ಡ್ ನಗರಗಳ ಕಾರ್ಖಾನೆಗಳು, ಎಲ್ಲವನ್ನೂ ಅತಿಥೇಯರು ಉತ್ಸಾಹದಿಂದ ತೋರಿಸಿದರು. ಡಿಸೆಂಬರ್ 5ರಂದು ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ದರ್ಶನವೂ ಆಯಿತು. ಸುಂಕದ ಮತ್ತು ನ್ಯಾಯಾಧಿಕಾರದ ಮಾತಿಗೆ ಮಾತ್ರ, ಮೊದಲು ನಿಮ್ಮ ಕಾನೂನುಗಳು ನಮ್ಮ ಮಟ್ಟಕ್ಕೆ ಬರಲಿ ಎಂಬುದೇ ಉತ್ತರದ ತಾತ್ಪರ್ಯ.

ಹೀಗೆ ಹದಿನಾಲ್ಕು ತಿಂಗಳು ಸತ್ಕಾರವನ್ನು ಉಂಡೂ ಬರಿಗೈಯಲ್ಲಿ ತಿರುಗಿದ ನಿಯೋಗ 1873ರ ಮಾರ್ಚಿಯಲ್ಲಿ ಬರ್ಲಿನ್ನಿಗೆ ಬಂದಿತು. ದಾರಿಯಲ್ಲಿ ಎಸೆನ್ ಊರಿನ ಕ್ರುಪ್ ಫಿರಂಗಿ ಕಾರ್ಖಾನೆಯನ್ನು ನೋಡಿಯಾಗಿತ್ತು. ಜರ್ಮನ್ ಸಾಮ್ರಾಜ್ಯಕ್ಕೆ ಆಗ ಎರಡೇ ವರ್ಷ ವಯಸ್ಸು. ಮಾರ್ಚ್ 15ರಂದು ಬಿಸ್ಮಾರ್ಕನು ನಿಯೋಗವನ್ನು ಔತಣಕ್ಕೆ ಕರೆದನು. ಅಲ್ಲಿ ಅವನು ಆಡಿದ ಮಾತಿನ ಸಾರಾಂಶವನ್ನು ನಿಯೋಗದ ಲೇಖಕನಾದ ಕುಮೆ ಕುನಿತಾಕೆ ತನ್ನ ಐದು ಸಂಪುಟಗಳ ಪ್ರವಾಸವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅದು 1878ರಲ್ಲಿ ಅಚ್ಚಾಯಿತು.

ಬಿಸ್ಮಾರ್ಕನ ಮಾತು ಬೇರೆ ಅತಿಥೇಯರ ಮಾತಿನಂತಿರಲಿಲ್ಲ. ರಾಷ್ಟ್ರಗಳು ಪರಸ್ಪರ ಸ್ನೇಹದಿಂದಲೂ ಮರ್ಯಾದೆಯಿಂದಲೂ ನಡೆದುಕೊಳ್ಳುವಂತೆ ತೋರುವುದು ಮೇಲುಮೇಲಿನ ತೋರಿಕೆ, ಒಳಗೆ ಬಲಿಷ್ಠನು ದುರ್ಬಲನನ್ನು ತುಳಿಯುವುದೇ ನಡೆದಿದೆ ಎಂದು ಅವನು ಹೇಳಿದನು. ತನ್ನ ಬಾಲ್ಯದಲ್ಲಿ ಪ್ರಷ್ಯ ಎಷ್ಟು ಬಡ ರಾಜ್ಯವಾಗಿತ್ತೆಂಬುದನ್ನು ನೆನೆದನು. ಅಂತರರಾಷ್ಟ್ರೀಯ ನ್ಯಾಯವೆಂದು ಎಲ್ಲರೂ ಹೇಳುತ್ತಾರೆ. ದೊಡ್ಡ ರಾಜ್ಯ ತನಗೆ ಲಾಭವಿರುವಾಗ ಅದನ್ನು ಪಾಲಿಸುತ್ತದೆ, ಲಾಭವಿಲ್ಲದಾಗ ಅದನ್ನು ಪಕ್ಕಕ್ಕಿಟ್ಟು ಸೈನ್ಯವನ್ನು ಹೊರಡಿಸುತ್ತದೆ. ಚಿಕ್ಕ ರಾಜ್ಯ ಅಕ್ಷರಶಃ ಪಾಲಿಸಿಯೂ ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲಾರದೆ ಹೋಗುತ್ತದೆ ಎಂದು ವಿವರಿಸಿದನು. ಆದುದರಿಂದ ಯಾರೊಡನೆಯೂ ಸರಿಸಮನಾಗಿ ನಿಲ್ಲುವ ಶಕ್ತಿಯನ್ನು ಪ್ರಷ್ಯ ದಶಕಗಳ ಪ್ರಯತ್ನದಿಂದ ಸಂಪಾದಿಸಿಕೊಂಡಿತೆಂದೂ, ತನ್ನ ಯುದ್ಧಗಳೆಲ್ಲ ಆತ್ಮರಕ್ಷಣೆಗಾಗಿಯೇ ನಡೆದುವೆಂದೂ, ಇಂಗ್ಲೆಂಡ್ ಫ್ರಾನ್ಸ್‌ಗಳು ದೂರದ ವಸಾಹತುಗಳಿಗೆ ಆಸೆಪಡುವವರೆಂದೂ, ಜಪಾನಿಗೆ ನಿಜವಾದ ಸ್ನೇಹಿತ ಜರ್ಮನಿಯೇ ಎಂದೂ ಮುಗಿಸಿದನು.

ಡೆನ್ಮಾರ್ಕ್, ಆಸ್ಟ್ರಿಯ, ಫ್ರಾನ್ಸ್‌ಗಳೊಡನೆ ಏಳು ವರ್ಷಗಳೊಳಗೆ ಮೂರು ಯುದ್ಧಗಳನ್ನು ನಡೆಸಿದವನ ಬಾಯಲ್ಲಿ ಆತ್ಮರಕ್ಷಣೆಯ ಮಾತು ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಶ್ರೋತೃಗಳೇ ತೀರ್ಮಾನಿಸಬಹುದು. ಆದರೆ ಅತಿಥಿಗಳ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಎಲ್ಲ ಮೇಜುಗಳಲ್ಲಿಯೂ ಸಮಾನರೆಂದು ಕರೆಸಿಕೊಂಡು, ಎಲ್ಲ ಕಚೇರಿಗಳಲ್ಲಿಯೂ ಅಸಮಾನರಾಗಿ ಹಿಂದಿರುಗಿದ್ದ ಅವರಿಗೆ, ಮೊಟ್ಟಮೊದಲು ಒಬ್ಬನು ಔತಣದ ಮರ್ಯಾದೆಯನ್ನೇ ನಂಬಬೇಡಿರೆಂದು ಔತಣದಲ್ಲಿಯೇ ಹೇಳಿದ್ದನು. ಅವರ ಸ್ವಂತ ಅನುಭವಕ್ಕೆ ಅದು ಸರಿಯಾಗಿ ಹೊಂದಿಕೊಂಡಿತು. ಓಕುಬೊ ಬಿಸ್ಮಾರ್ಕನನ್ನು ಬಹಳವಾಗಿ ಕೊಂಡಾಡಿ ಊರಿಗೆ ಕಾಗದ ಬರೆದನು. ಇತೋ ಹತ್ತು ವರ್ಷಗಳೊಳಗೆ ಮತ್ತೆ ಬರ್ಲಿನ್ ಮತ್ತು ವಿಯೆನ್ನಾಗಳಿಗೆ ಹೋಗಿ ರಾಜ್ಯಾಂಗಶಾಸ್ತ್ರವನ್ನು ಅಭ್ಯಾಸಮಾಡಿ ಬಂದು, 1885ರಲ್ಲಿ ಜಪಾನಿನ ಮೊದಲ ಪ್ರಧಾನಮಂತ್ರಿಯಾಗಿ, 1889ರ ರಾಜ್ಯಾಂಗವನ್ನು ರಚಿಸುವುದರಲ್ಲಿ ಮುಖ್ಯಸ್ಥನಾದನು.

ಔತಣದಿಂದಲೇ ಸಮಾನತೆಯನ್ನು ಗಳಿಸುವ ಪ್ರಯತ್ನವನ್ನು ಜಪಾನು ಇನ್ನೊಮ್ಮೆ ಮಾಡಿ ನೋಡಿತು. ಲಂಡನ್ನಿಗೆ ಇತೋ ಜೊತೆಯಲ್ಲಿ ಓಡಿಹೋಗಿದ್ದ ಇನೋಯೆ ಕಾವೊರು ವಿದೇಶಮಂತ್ರಿಯಾಗಿ, 1883ರಲ್ಲಿ ಟೋಕಿಯೋ ನಗರದಲ್ಲಿ ರೊಕುಮೈಕಾನ್ ಎಂಬ ಪಾಶ್ಚಾತ್ಯ ಶೈಲಿಯ ಭವನವನ್ನು ಕಟ್ಟಿಸಿದನು. ಮಂತ್ರಿಗಳೂ ಅವರ ಪತ್ನಿಯರೂ ಯೂರೋಪಿನ ಉಡುಪು ಧರಿಸಿ ಅಲ್ಲಿ ವಿದೇಶೀಯರೊಡನೆ ಉಂಡರು, ನರ್ತಿಸಿದರು. ವಿದೇಶೀಯರು ಉಂಡು ಹೋಗಿ ನಕ್ಕರು. 1886ರಲ್ಲಿ ನಾರ್ಮಂಟನ್ ಎಂಬ ಇಂಗ್ಲಿಷ್ ಹಡಗು ಜಪಾನಿನ ಕರಾವಳಿಯಲ್ಲಿ ಮುಳುಗಿದಾಗ, ಕಪ್ತಾನನೂ ಯೂರೋಪಿನ ನಾವಿಕರೂ ದೋಣಿಗಳಲ್ಲಿ ಪಾರಾದರು. ಇಪ್ಪತ್ತೈದು ಮಂದಿ ಜಪಾನೀ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಹಡಗಿನ ಚಾಕರಿಯಲ್ಲಿದ್ದ ಭಾರತೀಯರೂ ಮುಳುಗಿಹೋದರು. ಇಂಗ್ಲಿಷ್ ಕಾನ್ಸಲನ ನ್ಯಾಯಾಲಯ ಮೊದಲು ಕಪ್ತಾನನನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟಿತು. ದೇಶವೆಲ್ಲ ಕೂಗಾಡಿದ ಮೇಲೆ ಮೂರು ತಿಂಗಳ ಸಜೆಯನ್ನು ವಿಧಿಸಿತು. ಒಡಂಬಡಿಕೆಯ ಆ ಷರತ್ತಿನ ಅರ್ಥ ಸಾಮಾನ್ಯ ಪ್ರಜೆಗೂ ತಿಳಿದದ್ದು ಆಗ. ಮರುವರ್ಷ ಇನೋಯೆ ರಾಜೀನಾಮೆ ಕೊಟ್ಟನು.

ಕೊನೆಗೆ ಲಂಡನ್ನಿನಲ್ಲಿ ಹೊಸ ಒಡಂಬಡಿಕೆಗೆ ರುಜುವಾದದ್ದು 1894ರ ಜುಲೈ 16ರಂದು. ಕಾನ್ಸಲರ ನ್ಯಾಯಾಧಿಕಾರ 1899ರಲ್ಲಿ ಕೊನೆಗಂಡಿತು. ಸುಂಕದ ಸ್ವಾತಂತ್ರ್ಯ 1911ರಲ್ಲಿ ಬಂದಿತು. ಸ್ಯಾನ್ ಫ್ರಾನ್ಸಿಸ್ಕೋ ಔತಣದಿಂದ ಲೆಕ್ಕ ಹಾಕಿದರೆ ಮೂವತ್ತೊಂಬತ್ತು ವರ್ಷ. ಅಷ್ಟರೊಳಗೆ ಜಪಾನು ಚೀನವನ್ನೂ ರಷ್ಯವನ್ನೂ ಯುದ್ಧದಲ್ಲಿ ಸೋಲಿಸಿತ್ತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಒಂದು ವಿಜಯಗಾಥೆಯಾಗುತ್ತದೆ. ಏಷ್ಯದ ಒಂದು ದೇಶ ತನ್ನ ಸ್ಥಾನವನ್ನು ತಾನೇ ಗಳಿಸಿಕೊಂಡಿತೆಂದು ನಮ್ಮ ದೇಶದಲ್ಲಿಯೂ ಆ ಕಾಲದ ವಿದ್ಯಾವಂತರು ಹಿಗ್ಗಿದ್ದುಂಟು. ಆದರೆ ನೆರೆಮನೆಯಾದ ಕೊರಿಯದ ಕಡೆಗೆ ತಿರುಗಿ ನೋಡಿದಾಗ ಇದರ ಇನ್ನೊಂದು ಮುಖ ಕಾಣುತ್ತದೆ. ನಿಯೋಗ ಹಿಂದಿರುಗಿ ಮೂರು ವರ್ಷ ತುಂಬುವ ಮೊದಲೇ, 1876ರ ಫೆಬ್ರವರಿಯಲ್ಲಿ, ಜಪಾನು ಯುದ್ಧನೌಕೆಗಳನ್ನು ತೋರಿಸಿ ಕೊರಿಯದಿಂದ ಒಂದು ಒಡಂಬಡಿಕೆಯನ್ನು ಬರೆಯಿಸಿಕೊಂಡಿತು. ಕೊರಿಯದ ಬಂದರುಗಳು ಜಪಾನಿನ ವ್ಯಾಪಾರಕ್ಕೆ ತೆರೆಯಬೇಕು. ಅಲ್ಲಿ ಅಪರಾಧ ಮಾಡಿದ ಜಪಾನೀಯನನ್ನು ಜಪಾನಿನ ಅಧಿಕಾರಿಯೇ ವಿಚಾರಿಸಬೇಕು. ತನಗೆ ಬಡಿಸಿದ ನೀರುಮಜ್ಜಿಗೆಯನ್ನೇ ಅದು ನೆರೆಯವನ ಎಲೆಗೆ ಬಡಿಸಿತು.

1905ರ ನವೆಂಬರಿನಲ್ಲಿ ಕೊರಿಯದ ರಾಜಧಾನಿಗೆ ಹೋಗಿ, ಅರಮನೆಯ ಸುತ್ತ ಜಪಾನಿನ ಸೈನಿಕರು ನಿಂತಿರುವಾಗ, ಆ ದೇಶದ ಪರರಾಷ್ಟ್ರ ವ್ಯವಹಾರವನ್ನೆಲ್ಲ ಜಪಾನಿಗೆ ಒಪ್ಪಿಸುವ ಕರಾರನ್ನು ಮಂತ್ರಿಗಳಿಂದ ಪಡೆದವನು ಅದೇ ಇತೋ. ಮರುವರ್ಷ ಅವನು ಅಲ್ಲಿ ರೆಸಿಡೆಂಟ್ ಜನರಲ್ ಆದನು. ರೆಸಿಡೆಂಟ್ ಎಂಬ ಪದವಿಯ ಸ್ವರೂಪವನ್ನು ಮೈಸೂರಿನ ಇತಿಹಾಸವನ್ನು ಓದಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1907ರ ಜೂನ್ 15ರಂದು ಹಾಲೆಂಡಿನ ಹೇಗ್ ನಗರದಲ್ಲಿ ಎರಡನೆಯ ಶಾಂತಿಸಮ್ಮೇಳನ ಪ್ರಾರಂಭವಾಯಿತು. ನಲವತ್ತನಾಲ್ಕು ರಾಜ್ಯಗಳ ಪ್ರತಿನಿಧಿಗಳು ಅಲ್ಲಿ ಸೇರಿದ್ದರು. ಕೊರಿಯದ ದೊರೆ ಗೊಜೊಂಗನು ಜಪಾನೀಯರಿಗೆ ತಿಳಿಯದಂತೆ ಮೂವರನ್ನು ಅಲ್ಲಿಗೆ ಕಳುಹಿಸಿದನು: ಯಿ ಸಾಂಗ್‌ಸೋಲ್, ಯಿ ಜುನ್, ಮತ್ತು ಇವರಿಬ್ಬರಿಗಿಂತ ಬಹಳ ಚಿಕ್ಕವನೂ ಫ್ರೆಂಚ್ ಭಾಷೆಯನ್ನು ಬಲ್ಲವನೂ ಆದ ಯಿ ವಿಜೊಂಗ್. ಸಮ್ಮೇಳನದ ಬಾಗಿಲು ಅವರಿಗೆ ತೆರೆಯಲಿಲ್ಲ. ಕೊರಿಯದ ಪರವಾಗಿ ಮಾತನಾಡುವ ಅಧಿಕಾರ 1905ರ ಕರಾರಿನಂತೆ ಜಪಾನಿನದು, ಕೊರಿಯದವರದಲ್ಲ ಎಂಬುದು ಕಾರಣ. ಅಧ್ಯಕ್ಷನು ಅವರನ್ನು ಕಾಣಲೂ ಒಪ್ಪಲಿಲ್ಲ. ಪ್ರತಿನಿಧಿಗಳಿಗೆ ಔತಣಗಳು ನಡೆಯುತ್ತಿದ್ದ ಊರಿನಲ್ಲಿ ಈ ಮೂವರು ಹೋಟೆಲಿನ ಕೊಠಡಿಯಲ್ಲಿ ಉಳಿದರು. ತರುಣನಾದ ಯಿ ವಿಜೊಂಗ್ ಪತ್ರಿಕಾಕರ್ತರ ಒಂದು ಸಭೆಯಲ್ಲಿ ಫ್ರೆಂಚಿನಲ್ಲಿ ತನ್ನ ದೇಶದ ಸ್ಥಿತಿಯನ್ನು ವಿವರಿಸಿದನು. ಅದನ್ನು ಕೇಳಿ ಅವರು ಮರುಗಿದರು. ಅದರಿಂದ ಪ್ರಯೋಜನವೇನೂ ಆಗಲಿಲ್ಲ. ಜುಲೈ 14ರಂದು ಯಿ ಜುನ್ ಆ ಹೋಟೆಲಿನಲ್ಲಿಯೇ ತೀರಿಕೊಂಡನು. ಅದೇ ತಿಂಗಳು, ಇತೋ ಬಲವಂತಪಡಿಸಿದ್ದರಿಂದ, ಗೊಜೊಂಗ್ ಸಿಂಹಾಸನವನ್ನು ತ್ಯಜಿಸಬೇಕಾಯಿತು. 1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ ಆನ್ ಜುಂಗ್‌ಗುನ್ ಎಂಬ ಕೊರಿಯದ ದೇಶಭಕ್ತನು ಇತೋವನ್ನು ಗುಂಡಿಟ್ಟು ಕೊಂದನು. 1910ರ ಆಗಸ್ಟಿನಲ್ಲಿ ಕೊರಿಯ ಜಪಾನಿನ ಸಾಮ್ರಾಜ್ಯದಲ್ಲಿ ಸೇರಿಹೋಯಿತು. ಅದು ಬಿಡುಗಡೆಯಾದದ್ದು 1945ರಲ್ಲಿ.

ಬಿಸ್ಮಾರ್ಕನು ಹೇಳಿದ್ದು ಸುಳ್ಳೆಂದು ನಾನು ವಾದಿಸುವುದಿಲ್ಲ. ದುರ್ಬಲನ ಹಕ್ಕನ್ನು ಸತ್ಕಾರದ ಮಾತು ಕಾಪಾಡಲಾರದೆಂಬುದು ವಾಷಿಂಗ್ಟನ್ನಿನಲ್ಲಿಯೂ ಲಂಡನ್ನಿನಲ್ಲಿಯೂ ಸಿದ್ಧವಾಯಿತು, ಹೇಗ್ ನಗರದಲ್ಲಿ ಮತ್ತೊಮ್ಮೆ ಸಿದ್ಧವಾಯಿತು. ಆದರೆ ಇದ್ದುದನ್ನು ಇದ್ದಂತೆ ಹೇಳುವ ಮಾತನ್ನು ಹೀಗೆಯೇ ಇರತಕ್ಕದ್ದೆಂಬ ವಿಧಿಯಾಗಿ ತೆಗೆದುಕೊಳ್ಳುವುದು ಬೇರೆ. ಬರ್ಲಿನ್ನಿನ ಮೇಜಿನಲ್ಲಿ ಕುಳಿತ ಇತೋ, ಪಂಕ್ತಿಯಲ್ಲಿ ಸ್ಥಾನ ಬೇಕಾದರೆ ಬಲಬೇಕೆಂಬುದನ್ನು ಕಲಿತು ತನ್ನ ದೇಶವನ್ನು ಉಳಿಸಿದನು. ಅದೇ ಮೇಜಿನಲ್ಲಿ, ಬಲವಿಲ್ಲದವನಿಗೆ ಪಂಕ್ತಿಯೇ ಇಲ್ಲವೆಂಬುದನ್ನೂ ಕಲಿತು ನೆರೆಯ ದೇಶವನ್ನು ಕೆಡಿಸಿದನು. ಅನ್ಯಾಯವನ್ನು ಉಂಡವನು ಅದನ್ನು ಇತರರಿಗೆ ಬಡಿಸುವುದಿಲ್ಲವೆಂದು ನಾವು ಸಹಜವಾಗಿ ನಂಬುತ್ತೇವೆ. ಇತಿಹಾಸ ಆ ನಂಬಿಕೆಗೆ ಹೆಚ್ಚು ಆಧಾರ ಕೊಡುವುದಿಲ್ಲ.

ಹೇಗ್ ನಗರದಲ್ಲಿ ಯಿ ಜುನ್ ತೀರಿಕೊಂಡ ಆ ಹಳೆಯ ಹೋಟೆಲಿನ ಕಟ್ಟಡದಲ್ಲಿ 1995ರಿಂದ ಅವನ ಹೆಸರಿನ ಒಂದು ವಸ್ತುಸಂಗ್ರಹಾಲಯವಿದೆ. ಇಂದು ಸ್ವತಂತ್ರ ಭಾರತದ ತರುಣರು ಪ್ರತಿನಿಧಿಗಳಾಗಿ ದೇಶದೇಶಗಳ ಔತಣಗಳಿಗೆ ಹೋಗುತ್ತಾರೆ. ಕನ್ನಡ ನಾಡಿನವರೂ ಅವರಲ್ಲಿದ್ದಾರೆ. ಅವರು ಯೂರೋಪಿನ ಕಡೆ ಹೋದಾಗ ಆ ಕಟ್ಟಡವನ್ನೊಮ್ಮೆ ನೋಡಿ ಬರುವುದು ಒಳ್ಳೆಯದು. ಮೇಜಿನ ಬಳಿ ತಮಗೆ ಯಾವ ಸ್ಥಾನ ಸಿಕ್ಕಿತೆಂಬುದನ್ನು ಅವರು ಗಮನಿಸಲೇಬೇಕು. ಬಾಗಿಲ ಹೊರಗೆ ಯಾರು ನಿಂತಿದ್ದಾರೆ ಎಂಬುದನ್ನೂ ಗಮನಿಸಿದರೆ ಅವರ ಕೆಲಸ ಪೂರ್ಣವಾಗುತ್ತದೆ.